ಜಸುಮತಿಬೆನ್ ಉಳಿಸಿದ ಕಾಲಂ

ಅಂಕಲೇಶ್ವರದ ಔಷಧಿ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ದುಡಿಯುತ್ತಿದ್ದ ಜಸುಮತಿಬೆನ್‌ಗೆ ಒಂದು ಹೆಮ್ಮೆಯಿತ್ತು. ಬೇರೆಯವರ ಬಳಿ ವರ್ಷಕ್ಕೇ ಕೈಕೊಡುವ ಕಾಲಂ ಅವಳ ಬಳಿ ಮೂರು ವರ್ಷ ಬಾಳುತ್ತಿತ್ತು. ಕಾಲಂ ಎಂದರೆ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರದೊಳಗೆ ಸುತ್ತಿಟ್ಟಿರುವ, ಮೂವತ್ತು ಮೀಟರ್ ಉದ್ದದ ಸಪೂರ ನಳಿಗೆ. ಅದರ ಒಳಮೈಗೆ ಪಾಲಿಮರ್‌ನ ತೆಳ್ಳನೆ ಲೇಪ. ಆವಿಯಾಗಿ ಬರುವ ಒಂದೊಂದು ದ್ರವವನ್ನೂ ಒಂದೊಂದು ಹೊತ್ತು ತಡೆದು ಬೇರೆಬೇರೆಯಾಗಿ ಹೊರಗೆ ಬಿಡುವುದು ಆ ಲೇಪವೇ. ಮುಂದಿನ ತುದಿ ಕೆಟ್ಟಾಗಲೆಲ್ಲ ಜಸುಮತಿ ಅರ್ಧ ಮೀಟರ್ ಕತ್ತರಿಸಿ ಮತ್ತೆ ಜೋಡಿಸುತ್ತಿದ್ದಳು. ಬೇರ್ಪಡಿಸುವ ಶಕ್ತಿ ಉಳಿದಿದೆಯೇ ಎಂದು ದಿನವೂ ಪರೀಕ್ಷಿಸಬೇಕು. "ನನ್ನ ಕಾಲಂ ನಂಗೊತ್ತಿಲ್ವಾ?" ಎಂದು ಈಚೆಗೆ ಅದನ್ನೂ ಬಿಟ್ಟಿದ್ದಳು. ಜಾಣತನ ಜಾಸ್ತಿಯಾದರೆ ಹೀಗೇ.

ಮಂಗಳವಾರ ಹೊಸ ಕಾಲಂ ಬಂತು. ಅದನ್ನು ಕೂರಿಸಿ, ಹೋದ ವಾರ ತಾನೇ ಪಾಸ್ ಮಾಡಿದ್ದ ಡ್ರಮ್ಮಿನ ಮಾದರಿಯನ್ನು ಸುಮ್ಮನೆ ಒಮ್ಮೆ ಓಡಿಸಿದಳು. ಮಕ್ಕಳ ಕೆಮ್ಮಿನ ಸಿರಪ್‌ಗೆ ಬೆರೆಸುವ, ಅಪಾಯವಿಲ್ಲದ ಗ್ಲೈಕಾಲ್ ದ್ರವ ಅದು. ತೆರೆಯ ಮೇಲೆ ಅದರ ಗೆರೆ ಏರಿ ಇಳಿಯಿತು. ಪಕ್ಕದಲ್ಲೇ ಇನ್ನೊಂದು ಎದ್ದಿತು! ಮೂತ್ರಪಿಂಡವನ್ನೇ ಹಾಳುಮಾಡುವ ಡೈಎಥಿಲೀನ್ ಗ್ಲೈಕಾಲ್. ಹಳೇ ಕಾಲಂನಲ್ಲಿ ಲೇಪ ಸವೆದು, ಎರಡೂ ಕಲೆತು ಒಂದೇ ಎಂಬಂತೆ ಕಂಡಿದ್ದವು. ಅವಳು ಮತ್ತೆರಡು ಸಲ ಓಡಿಸಿದಳು. ಎರಡು ಸಲವೂ ಅದೇ.

ಪ್ರಯೋಗಾಲಯದ ಮುಖ್ಯಸ್ಥ ಪಂಕಜಭಾಯಿ ಥೇಪ್ಲಾ ತಿನ್ನುತ್ತ ಕೂತಿದ್ದ.

"ಭಾಯಿ, ಲಾರಿ ನಿಲ್ಸಿ! ಹೋದ ವಾರದ ಡ್ರಮ್ಮಿಂದ ಮಾಡಿದ ಸಿರಪ್ ಹೋಗ್ಬಾರ್ದು."

"ಏನ್ ಬೆನ್, ದೆವ್ವ ಕಂಡೋರ ಥರ ಓಡ್ಬಂದ್ರಿ? ಪಾಸ್ ಅಂತ ಸಹಿ ಹಾಕಿದ್ದು ನೀವೇ ಅಲ್ವಾ?"

"ನಾನೇ. ತಪ್ಪೂ ನಂದೇ. ಅದ್ರಲ್ಲಿ ವಿಷ ಇದೆ. ಬೇಕಾದ್ರೆ ಕೆಲ್ಸದಿಂದ ತೆಗೀರಿ, ಮೊದ್ಲು ಫೋನ್ ಮಾಡಿ!"

ಲಾರಿ ಗೇಟಿನಲ್ಲೇ ನಿಂತಿತು. ಒಂದು ಬಾಟಲಿಯೂ ಹೊರಗೆ ಹೋಗಿರಲಿಲ್ಲ. ಜಸುಮತಿ ಕುರ್ಚಿಯಲ್ಲಿ ಕುಸಿದು ನೀರು ಕುಡಿದಳು. ಹೋದ ಜೀವ ಬಂದಂತಾಯಿತು.

ಪಂಕಜಭಾಯಿ ಅವಳ ಮುಖ ನೋಡದೆ ಕೇಳಿದ: "ಆ ಹಳೇ ಕಾಲಂನಲ್ಲಿ ಇನ್ನೆಷ್ಟು ಡ್ರಮ್ ಪಾಸ್ ಆಗಿವೆ ಬೆನ್?"

ಅದು ಅವಳಿಗೆ ಹೊಳೆದೇ ಇರಲಿಲ್ಲ.

"ಈ ವರ್ಷ... ಹತ್ತೊಂಬತ್ತು."

ಅವೆಲ್ಲ ಸಿರಪ್ ಆಗಿ, ಅಂಗಡಿ ಸೇರಿ, ಯಾವ ಯಾವ ಊರಿನಲ್ಲೋ ತಾಯಂದಿರು ಚಮಚದಲ್ಲಿ ಅಳೆದು ಕುಡಿಸಿ ಆಗಿತ್ತು. ಮಾದರಿಗಳು ಮಾತ್ರ ಕಪಾಟಿನಲ್ಲಿ ಸಾಲಾಗಿ ಕೂತಿದ್ದವು. ಜಸುಮತಿ ಎದ್ದು ಮೊದಲನೆಯದನ್ನು ತಂದಳು. ಸೂಜಿ ಎರಡು ಸಲ ಯಂತ್ರದ ಬಾಯಿ ತಪ್ಪಿತು. ಪಂಕಜಭಾಯಿ ಬಂದು ಅವಳ ಮಣಿಕಟ್ಟು ಹಿಡಿದುಕೊಂಡ. ಇಬ್ಬರೂ ಸೇರಿ ಸೂಜಿಯನ್ನು ಒಳಗೆ ಒತ್ತಿದರು.