ಸೊಪ್ಪಿನ ಕೂಗಿಗೆ ಇಸ್ತ್ರಿ ಹಾಕಿದ ಹರಿತಾ

ಬೆಳಗಿನ ಐದೂಕಾಲು. ಚಿಂತಾಮಣಿಯ ಹಿಟ್ಟಿನ ಗಿರಣಿಯೊಂದರ ಮೇಲಿನ ಕೋಣೆ. ಗೋಡೆಗೆಲ್ಲ ಹಳೇ ರಗ್ಗು ಬಡಿದಿರುವ ಆ ಕೋಣೆಯಲ್ಲಿ, ಮೈಕಿನ ಮುಂದೆ ನಿಂತಿರುವ ಸೊಪ್ಪಿನ ಮುನಿಶಾಮಮ್ಮ ಸಿಟ್ಟಿನಿಂದ ಕುದಿಯುತ್ತಿದ್ದಾರೆ. ಜಗಳ ಆಡೋಣವೆಂದರೆ ಗಂಟಲಿಲ್ಲ.

“ನಿನ್ ಕಂಪ್ಯೂಟ್ರು ನನ್ ಬಾಯಿಗೆ ಇಸ್ತ್ರಿ ಹಾಕ್ಬಿಟ್ಟೈತೆ ಕಣಮ್ಮ,” ಎಂದು ಪಿಸುಗುಡುತ್ತಾರೆ.

ಕಂಪ್ಯೂಟರಿನ ಮುಂದೆ ಕೂತ ಹರಿತಾ ಹೆಡ್‌ಫೋನ್ ಏರಿಸಿಕೊಳ್ಳುತ್ತಾರೆ. ಆರಕ್ಕೆ ಕೆಳಗೆ ಚೆನ್ನರಾಯಪ್ಪನವರು ಗಿರಣಿ ಶುರುಮಾಡಿದರೆ ಮುಗಿಯಿತು. ಆಮೇಲೆ ಯಾರು ಏನು ಹೇಳಿದರೂ ಹಿಂದೆ ರಾಗಿ ಬೀಸುತ್ತಿರುತ್ತದೆ. ಹಾಗಾಗಿ ಇಲ್ಲಿ ರೆಕಾರ್ಡಿಂಗ್ ಏನಿದ್ದರೂ ಕೋಳಿ ಕೂಗುವ ಹೊತ್ತಿಗೇ.

ತಳ್ಳುಗಾಡಿ, ಲಗೇಜ್ ಆಟೋಗಳ ಸ್ಪೀಕರಿನಲ್ಲಿ ಬರುವ ಕೂಗನ್ನು ಯಾರೋ ಕೂತು ತಿದ್ದಿರುತ್ತಾರೆಂದು ನಮಗೆ ಹೊಳೆಯುವುದೇ ಇಲ್ಲ. ಚಿಂತಾಮಣಿ, ಶಿಡ್ಲಘಟ್ಟ, ಕೈವಾರದ ಸುತ್ತ ಆ ‘ಯಾರೋ’ ಎಂದರೆ ಮೂವತ್ತೆಂಟರ ಹರಿತಾ. ಮದುವೆ ಮನೆಗಳ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದವರು. ಕೊರೊನಾ ಕಾಲದಲ್ಲಿ ಆರ್ಕೆಸ್ಟ್ರಾ ಮುಚ್ಚಿದಾಗ, ಹಳೆಯದೊಂದು ಕಂಪ್ಯೂಟರಿನ ಮುಂದೆ ಕೂತು ತಾವೇ ಈ ವಿದ್ಯೆ ಕಲಿತರು. ದಿನಕ್ಕೆ ಎರಡು, ಹೆಚ್ಚೆಂದರೆ ಮೂರು ಕೂಗು.

“ಉಪ್ಪಿನ ಬಯ್ಯಪ್ಪಂದು ಹದಿನಾಲ್ಕು ಸೆಕೆಂಡು ಕೂಗು. ಗಾಡಿ ಒಂದ್ಮನೆ ದಾಟೋದು ಒಂಬತ್ತು ಸೆಕೆಂಡ್‌ಗೆ. ರೇಟು ಹೇಳೋಷ್ಟ್ರಲ್ಲಿ ಪಕ್ಕದ್ಮನೆ ಮುಂದೆ ಇರ್ತಾರೆ! ಬರೀ ಸ್ಪೀಡ್ ಮಾಡಿದ್ರೆ ಇಲಿ ಮಾತಾಡ್ದಂಗಾಗ್ತದೆ. ದನಿ ಅವರ್ದೇ ಇರ್ಬೇಕು, ಹೊತ್ತು ಮಾತ್ರ ಕಮ್ಮಿ ಆಗ್ಬೇಕು. ಅದೇ ನನ್ ಕೆಲ್ಸ,” ಎನ್ನುತ್ತಾರೆ ಹರಿತಾ.

ಮುನಿಶಾಮಮ್ಮನವರ ಕಥೆ ಬೇರೆ. ಇಪ್ಪತ್ತೆರಡು ವರ್ಷ ಕೂಗಿ ಕೂಗಿ ಗಂಟಲು ಕೈಕೊಟ್ಟಿದೆ. ಇನ್ನೂ ಕೂಗಿದರೆ ಇರುವ ಮಾತೂ ಹೋಗುತ್ತದೆ ಎಂದಿದ್ದಾರೆ ಡಾಕ್ಟರು. ಅದಕ್ಕೇ ಹರಿತಾ ಅವರಿಂದ ಮೆಲ್ಲಗೆ ಹೇಳಿಸಿ, ಕಂಪ್ಯೂಟರಿನಲ್ಲಿ ದನಿಯನ್ನು ಮೇಲಕ್ಕೆತ್ತಿದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಹಾಡುಗಾರ್ತಿಯ ಕಿವಿ ಸುಮ್ಮನಿರಬೇಕಲ್ಲ! ಶ್ರುತಿ ತಪ್ಪಿದ ಒಂದೊಂದು ಸ್ವರವನ್ನೂ ಎಳೆದು ತಂದು ಅದರದರ ಜಾಗದಲ್ಲಿ ಕೂರಿಸಿಬಿಟ್ಟರು. ‘ದಂಟು, ಮೆಂತ್ಯ, ಸಬ್ಬಸಿಗೆ’ ಜೇನಿನಂತಾಯಿತು.

ಸೋಮವಾರ ಆ ಕೂಗು ಬೀದಿಗಿಳಿದಾಗ ಬಾಗಿಲುಗಳೇನೋ ತೆರೆದವು. ಹೆಂಗಸರೆಲ್ಲ ಕಸದ ಬಕೆಟ್ ಹಿಡಿದು ಬಂದರು! ಅಷ್ಟು ಇಂಪಾಗಿ ಹಾಡಿಕೊಂಡು ಆ ಬೀದಿಗೆ ಬರುವುದು ಕಸದ ಗಾಡಿಯೊಂದೇ.

“ಒಬ್ಬಳಂತೂ ದಂಟಿನ ಮೇಲೇ ಸುರಿಯೋಕ್ ಬಂದ್ಳು. ಕೈ ಅಡ್ಡ ಇಟ್ಟೆ,” ಎನ್ನುತ್ತಾರೆ ಮುನಿಶಾಮಮ್ಮ. ಅರ್ಧ ಗಾಡಿ ಸೊಪ್ಪು ಬಾಡಿತು. ಮಂಗಳವಾರವೂ ಅದೇ ಹಣೆಬರಹ. ಇವತ್ತೂ ಜನ ಗುರುತು ಹಿಡಿಯದಿದ್ದರೆ ಸೊಪ್ಪು ಮಾರುವುದನ್ನೇ ಬಿಡುವುದೆಂದು ತೀರ್ಮಾನಿಸಿ ಬಂದಿದ್ದಾರೆ.

“ತಪ್ಪು ನಂದೇ ಅಕ್ಕ. ಮೊದ್ಲು ಹೆಂಗ್ ಕೂಗ್ತಿದ್ರಿ? ಬಾಯಲ್ಲಿ ಬೇಡ, ಕೈಯಲ್ಲಿ ತೋರ್ಸಿ.”

ಮುನಿಶಾಮಮ್ಮ ಕಾಂಪೌಂಡಿನಾಚೆಗೆ ಸೊಪ್ಪಿನ ಕಟ್ಟು ಎಸೆಯುವಂತೆ ಕೈ ಬೀಸುತ್ತಾರೆ. ‘ದಂಟು’ ಮೇಲೆ ಹೋಗುತ್ತದೆ, ‘ಮೆಂತ್ಯ’ ಇನ್ನೂ ಮೇಲೆ. ‘ಸಬ್ಬಸಿಗೆ’ ತುದಿಯಲ್ಲಿ ಜಾರಿ ದೊಪ್ಪನೆ ಬೀಳುತ್ತದೆ. ಹರಿತಾ ಮೌಸ್ ಹಿಡಿದು, ಆ ಕೈ ಹೋದ ದಾರಿಯನ್ನೇ ಪರದೆಯ ಮೇಲೆ ಗೆರೆಯಾಗಿ ಎಳೆಯುತ್ತಾರೆ. ಗೆರೆ ಹೋದಂತೆ ದನಿಯೂ ಏರಿಳಿಯುತ್ತದೆ. ಯಾವ ಸ್ವರಕ್ಕೂ ಸೇರದ ಆ ಜಾರುವಿಕೆ ಕೇಳಿ ಹಲ್ಲು ಕಚ್ಚುತ್ತಾರೆ. ಆದರೆ ತಿದ್ದುವುದಿಲ್ಲ.

“ಇನ್ನೂ ಒಸಿ ಸೊಟ್ಟ ಮಾಡು.”

“ಇನ್ನೂನಾ ಅಕ್ಕ?”

“ಊಂ. ನಾನೇನ್ ಕಛೇರಿ ಮಾಡಕ್ ಹೋಗ್ತೀನಾ?”

ಗಿರಣಿ ಗುರ್ರೆನ್ನುವ ಹೊತ್ತಿಗೆ ಕೂಗು ಪೆನ್‌ಡ್ರೈವ್ ಸೇರಿರುತ್ತದೆ.

ಏಳೂವರೆಗೆ ಗಾಡಿಯ ಹಿಂದೆ ಹರಿತಾ ಕೂಡ ನಡೆಯುತ್ತಾರೆ. ಮೊದಲ ಕೂಗಿಗೆ ಒಂದು ನಾಯಿ ಮಾತ್ರ ಎದ್ದು ನಿಲ್ಲುತ್ತದೆ. ಎರಡನೆಯದಕ್ಕೆ ನೀಲಿ ಬಾಗಿಲೊಂದು ದಡಾರನೆ ತೆರೆಯುತ್ತದೆ. ಹೊರಬಂದ ಹೆಂಗಸಿನ ಕೈ ಖಾಲಿ, ಮುಖ ಕೆಂಪು.

“ಏಮೇ ಮುನಿಶಾಮಮ್ಮ! ಎರಡು ದಿನ ಎಲ್ಲೋ ಹಾಳಾಗೋಗಿದ್ದು, ಈಗ ಬಂದು ಹಿಂಗಾ ಕಿರುಚ್ಕೊಳೋದು? ಮಗು ಈಗ್ತಾನೆ ಮಲಗೈತೆ! ಎರಡು ಕಟ್ಟು ಮೆಂತ್ಯ ಕೊಡು.”

ತುಟಿ ಬಿಗಿಹಿಡಿದೇ ನಿಂತಿದ್ದ ಮುನಿಶಾಮಮ್ಮ ಬಾಯಿ ತುಂಬ ನಗುತ್ತಾರೆ. ಆಕೆಯ ಹಿಂದೆ ನಿಂತಿದ್ದ ಹರಿತಾ ಮೆಲ್ಲಗೆ ಉಸಿರು ಬಿಡುತ್ತಾರೆ.

“ಚೆನ್ನಾಗೈತೆ ಅಂತ ಯಾರೂ ಹೇಳೋದ್ ಬೇಡ,” ಎನ್ನುತ್ತಾರೆ, “ಹಿಂಗೆ ಗುರುತು ಹಿಡ್ದು ಆಯಮ್ಮನ್ನೇ ಬೈದ್ರೆ ಸಾಕು.”