ಐತವಾರದ ಲೋಟ

ಬಾಗಲಕೋಟೆಯಲ್ಲಿ ನನಗೆ ಕೋಣೆ ಕೊಡುವ ಮೊದಲು ಗಂಗವ್ವ ನನ್ನ ಬಾಯಿ ಮೂಸಿದಳು.

ಹೆಸರು ಕೇಳಲಿಲ್ಲ, ಜಾತಿ ಕೇಳಲಿಲ್ಲ. ಅವೆರಡನ್ನೂ ದವಾಖಾನೆಯ ಜವಾನ ಮೊದಲೇ ಹೇಳಿಟ್ಟಿದ್ದ. "ಬಾಯಿ ತಗಿ," ಎಂದಳು. ಹಲ್ಲು ನೋಡುತ್ತಾಳೇನೋ ಎಂದು ತೆರೆದೆ. ಆಕೆ ಮೂಗನ್ನು ನನ್ನ ತುಟಿಯ ಹತ್ತಿರ ತಂದು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದುಕೊಂಡಳು. ಆಮೇಲೆ ಬೀಗದ ಕೈ ಕೊಟ್ಟಳು. "ಕುಡ್ಯಾಕಿ ಅಲ್ಲ. ಇರು." ಮಂಗಳೂರಿನಿಂದ ಹಡಗಿನಲ್ಲಿ ಮುರಗೋವೆಗೆ ಬಂದು, ಆ ಬಂದರಿನಿಂದ ಹುಬ್ಬಳ್ಳಿ, ಗದಗ ಹಾದು ರೈಲಿನಲ್ಲಿ ಬಂದವಳು ನಾನು. ಬಾಯಿಯಲ್ಲಿ ಹೊಗೆ, ಧೂಳು ಬಿಟ್ಟರೆ ಬೇರೇನಿದ್ದೀತು? ಆದರೆ ಕಾಲ ಬಳಿ ಇದ್ದ ಪೆಟ್ಟಿಗೆಯಲ್ಲಿ, ಸೀರೆಗಳ ಮಡಿಕೆಯೊಳಗೆ, ಅಮ್ಮ ಕಟ್ಟಿಕೊಟ್ಟ ಮೂರು ಸೀಸೆಗಳಿದ್ದವು. ಗಂಗವ್ವ ಪೆಟ್ಟಿಗೆಯನ್ನು ಮೂಸಲಿಲ್ಲ.

ಊರಿನಲ್ಲಿದ್ದು ಇದನ್ನು ಓದುವ ನಿಮಗೆ ಆ ಸೀಸೆಗಳ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ತೆಂಗಿನ ಕಳ್ಳಿನಿಂದ ಭಟ್ಟಿ ಇಳಿಸಿದ ಸೊರೊ, ಅದರಲ್ಲಿ ನೆನೆಹಾಕಿದ ಲವಂಗ, ಶುಂಠಿ, ಓಮ. ನಮ್ಮ ಮನೆಯಲ್ಲಿ ಶಿಲುಬೆಯ ಮುಂದೆ ಸಂಜೆಯ ಜಪ ಮುಗಿದ ಮೇಲೆ ಅಪ್ಪ ದೊಡ್ಡವರಿಗೆಲ್ಲ ಒಂದೊಂದು ಲೋಟ ಹಾಕುತ್ತಿದ್ದರು. ಲೋಟವೆಂದರೆ ಕೋಳಿಮೊಟ್ಟೆಯಷ್ಟು. ಎರಡನೆಯದನ್ನು ಕೇಳುವಂತಿಲ್ಲ. ಒಮ್ಮೆ ಸೋದರಮಾವ ಕೇಳಿಬಿಟ್ಟಾಗ, ಅಪ್ಪ ಅವನ ಲೋಟ ತುಂಬಿಸಿ, ಅವನ ತಟ್ಟೆಯ ಹುರಿದ ಮೀನನ್ನು ಎತ್ತಿ ನಾಯಿಗೆ ಹಾಕಿದರು. ಮಾವ ಮತ್ತೆ ಕೇಳಲಿಲ್ಲ. ಹೆರಿಗೆಯ ಕೆಲಸ ಕಲಿತು ನಾನು ದುಡಿಯತೊಡಗಿದ ದಿನ ನನಗೂ ಒಂದು ಲೋಟ ಬಂತು. ನನಗೆ ಅದು ಇಷ್ಟ. ಹಾಗೆಂದು ಬರೆಯಲು ಈಗ ಕೈ ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ. ಮೊದಲ ಗುಟುಕು ನಾಲಿಗೆಯ ಬದಿಯನ್ನು ಸುಡುತ್ತದೆ, ಆಮೇಲೆ ಲವಂಗದ ಖಾರ, ಕೊನೆಗೆ ದಿನವಿಡೀ ಬಿಗಿದಿದ್ದ ಬೆನ್ನು ಸಡಿಲಾಗುತ್ತದೆ. ಅದಕ್ಕಿಂತ ಹೆಚ್ಚು ನನಗೆ ಎಂದೂ ಬೇಕೆನಿಸಿದ್ದಿಲ್ಲ.

ಇಲ್ಲಿ ಕುಡಿಯುವವರಿಲ್ಲ ಎಂದಲ್ಲ. ಈಚಲ ಮರದ ಕಳ್ಳಿಗೆ ಸಿಂದಿ ಎನ್ನುತ್ತಾರೆ, ಇಳಿಸಿದ್ದಕ್ಕೆ ಶೆರೆ. ಎರಡಕ್ಕೂ ಅಂಗಡಿ ಊರ ಹೊರಗಿದೆ. ಹೋದವರು ಬೀಳುವ ತನಕ ಕುಡಿಯುತ್ತಾರೆ. ಹೋಗದವರು ಆ ಅಂಗಡಿಯ ಮುಂದೆ ನಡೆಯುವುದೂ ಇಲ್ಲ. ನಡುವೆ ಇರುವ ನಮ್ಮಂಥ ಒಂದು ಲೋಟದವರಿಗೆ ಇಲ್ಲಿ ಹೆಸರೇ ಇಲ್ಲ. ಮಡಿ ಎಂದರೆ ಮಡಿ, ಮೈಲಿಗೆ ಎಂದರೆ ಮೈಲಿಗೆ. ಅರ್ಧ ಮಡಿಯನ್ನು ಯಾರು ಕಂಡಿದ್ದಾರೆ?

ಇದನ್ನೆಲ್ಲ ನನಗೆ ತಿಳಿಸಿದವಳು ಹುಸೇನಬಿ, ಊರಿನ ಹಳೆಯ ಸೂಲಗಿತ್ತಿ. ದವಾಖಾನೆಗೆ ನರ್ಸು ಬಂದಳೆಂದು ಮುನಿಸಿಕೊಳ್ಳಬೇಕಾಗಿದ್ದವಳು ಮೂರನೆಯ ದಿನವೇ ಸೆರಗಿನಲ್ಲಿ ಬಿಸಿ ರೊಟ್ಟಿ ಸುತ್ತಿಕೊಂಡು ಬಂದಳು.

"ಗಂಗವ್ವನ ಗಂಡ ಮೊದಲ ಹೊಲಾ ಕುಡದ, ಆಮ್ಯಾಲೆ ಎತ್ತು ಕುಡದ, ಕಡೀಕ ತನ್ನ ತಾನ ಕುಡದು ಸತ್ತ," ಎಂದಳು. "ಆಕಿ ಮುಂದ ಶೆರೀ ಹೆಸರ ಎತ್ತಬ್ಯಾಡ. ನಿಮ್ಮ ಮಂದಿ ಕುಡೀತಾರಂತ. ನೀ ಏನರ ಕುಡೀತಿಯೇನ ಬೇ?"

"ಇಲ್ಲ," ಎಂದೆ. ಈ ಊರಿನಲ್ಲಿ ನಾನು ಆಡಿದ ಮೊದಲ ಸುಳ್ಳು ಅದು.

ಉಳಿದದ್ದನ್ನು ಮೆಲ್ಲಗೆ ಕಲಿತೆ. ಅನ್ನ ಇಲ್ಲಿ ಹಬ್ಬದೂಟ. ಜೋಳದ ರೊಟ್ಟಿಯನ್ನು ಅಗಿಯಲು ನನ್ನ ದವಡೆಗೆ ಒಂದು ತಿಂಗಳು ಬೇಕಾಯಿತು. ಮೀನಿನ ಹೆಸರೆತ್ತಿದರೆ ಗಂಗವ್ವ ಸೆರಗಿನಿಂದ ಮೂಗು ಮುಚ್ಚುತ್ತಿದ್ದಳು. ಅಂಗಳದ ಆಚೆ ನನ್ನ ಕೋಣೆ, ಈಚೆ ಅವಳ ಮನೆ, ನೀರಿನ ಕೊಡ ಬೇರೆ ಬೇರೆ. ನನ್ನ ಮನೆಮಾತು ಕೊಂಕಣಿ, ಕನ್ನಡ ಶಾಲೆಯ ಪುಸ್ತಕದಿಂದ ಬಂದದ್ದು. "ನೋವು ಯಾವಾಗ ಪ್ರಾರಂಭವಾಯಿತು?" ಎಂದು ಕೇಳಿದರೆ ಬಸುರಿಯರು ಆ ನೋವಿನಲ್ಲೂ ನಗುತ್ತಿದ್ದರು. "ನರ್ಸವ್ವ ಪುರಾಣ ಓದಾಕತ್ತಾಳ!" ಹೆರಿಗೆ ನೋವಿಗೆ ಇಲ್ಲಿ ಬ್ಯಾನಿ ಎನ್ನುತ್ತಾರೆ. "ಬ್ಯಾನಿ ಯಾವಾಗಿಂದ ಹತ್ಯಾವ?" ಎಂದು ನಾನು ತಪ್ಪಿಲ್ಲದೆ ಕೇಳಿದ ದಿನ ಯಾರೂ ನಗಲಿಲ್ಲ, ಅವತ್ತು ನನಗೆ ಪರೀಕ್ಷೆ ಪಾಸಾದಷ್ಟು ಸಂತೋಷವಾಯಿತು. ಆ ಸಂತೋಷವನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಲೋಟವನ್ನು ಮಾತ್ರ ಬಿಡಲಿಲ್ಲ. ಊರಿನಲ್ಲಿ ದಿನಾ ಇದ್ದದ್ದು ಇಲ್ಲಿ ವಾರಕ್ಕೊಂದಾಯಿತು. ನಮ್ಮ ಆದಿತ್ಯವಾರಕ್ಕೆ ಇಲ್ಲಿ ಐತವಾರ. ಅವತ್ತು ದೀಪ ಹಚ್ಚುವ ಹೊತ್ತಿಗೆ ಅಗಳಿ ಹಾಕಿ, ಕಿಟಕಿಗೆ ಸೀರೆ ಇಳಿಬಿಟ್ಟು, ಬಿರಡೆ ಸದ್ದು ಮಾಡದ ಹಾಗೆ ಸೆರಗಿನಲ್ಲಿ ಸುತ್ತಿ ತೆಗೆಯುತ್ತಿದ್ದೆ. ಅಪ್ಪ ಎಲ್ಲರೆದುರು ಹಾಕಿಕೊಟ್ಟ ಲೋಟವನ್ನು ಇಲ್ಲಿ ಕಳ್ಳಿಯ ಹಾಗೆ ಗೋಡೆಗೆ ಮುಖ ಮಾಡಿ ಕುಡಿಯುತ್ತಿದ್ದೆ. ಅಂಗಳದಲ್ಲಿ ಹೆಜ್ಜೆ ಕೇಳಿದರೆ ಲೋಟವನ್ನು ಸೆರಗಿನಡಿ ಮುಚ್ಚುತ್ತಿದ್ದೆ. ಆಮೇಲೆ ಎಲೆ ಅಡಿಕೆ, ಆಮೇಲೆ ಇದ್ದಿಲ ಪುಡಿ, ಆಮೇಲೆ ಅಂಗೈಗೆ ಊದಿ ಮೂಸುವುದು. ಮೂಸಿದಷ್ಟೂ ವಾಸನೆ ಇದೆ ಎನಿಸುತ್ತಿತ್ತು. ಬಿಟ್ಟುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ವಾರದ ಆರು ದಿನ ನಾನು ಗಂಗವ್ವನ ಅಂಗಳದವಳು, ದವಾಖಾನೆಯವಳು, ನರ್ಸವ್ವ. ಅದೊಂದು ಹೊತ್ತು ಮಾತ್ರ ಲೂಸಿಯಾಗಿದ್ದೆ.

ಮಾಗಿಯ ಒಂದು ಐತವಾರ ಲೋಟವನ್ನು ಆಗ ತಾನೇ ಬರಿದು ಮಾಡಿದ್ದೆ. ಓಣಿಯ ಹೆಂಗಸೊಬ್ಬಳು ಬಾಗಿಲು ದಬದಬ ಬಡಿದಳು.

"ನರ್ಸವ್ವಾ! ನೀಲವ್ವಗ ನೀರ ಹೋದವು, ಲಗೂ ಬಾ!"

ನೀಲವ್ವ ಗಂಗವ್ವನ ಸೊಸೆ. ಇನ್ನೂ ಇಪ್ಪತ್ತು ದಿನ ಇದೆಯೆಂದು ನಾನೇ ಹೇಳಿದ್ದೆ. ಹೋದರೆ ವಾಸನೆ ಬರುತ್ತದೆ, ಮನೆ ಹೋಗುತ್ತದೆ, ಊರಲ್ಲಿ ಯಾರೂ ಕರೆಯುವುದಿಲ್ಲ. ಹೋಗದಿದ್ದರೆ ನಾನು ಏತಕ್ಕೆ ಬಂದವಳು? ಬಾಯಿಗೆ ನಾಲ್ಕು ಲವಂಗ ಹಾಕಿಕೊಂಡು ಓಡಿದೆ. ಕೈ ಗಟ್ಟಿಯಾಗಿಯೇ ಇತ್ತು, ದೇವರಾಣೆ. ಹುಸೇನಬಿ ನನಗಿಂತ ಮೊದಲೇ ಬಂದು ನೀಲವ್ವನ ಬೆನ್ನಿಗೆ ಆತುಕೊಂಡಿದ್ದಳು. ನಾನು ಮುಖ ಅತ್ತ ತಿರುಗಿಸಿಕೊಂಡು, ಉಸಿರನ್ನು ಮೂಗಿನಲ್ಲೇ ಬಿಡುತ್ತ ಕೆಲಸ ಮಾಡಿದೆ. ಮಗು ಬಂತು. ಗಂಡು. ನೀಲಿ ಬಣ್ಣ. ಅಳಲಿಲ್ಲ.

ಬೆನ್ನು ಉಜ್ಜಿದೆ, ಅಂಗಾಲು ತಟ್ಟಿದೆ. ಹುಸೇನಬಿ ಬಿಸಿನೀರು, ತಣ್ಣೀರು ಎರಡರಲ್ಲೂ ಅದ್ದಿದಳು. ಇಲ್ಲ. ಇನ್ನು ಉಳಿದದ್ದು ಒಂದೇ. ಇಡೀ ಊರಿನಿಂದ ಮುಚ್ಚಿಟ್ಟುಕೊಂಡಿದ್ದ ಆ ಬಾಯಿಯನ್ನು ಮಗುವಿನ ಬಾಯಿಗೆ ಇಟ್ಟು ಊದಿದೆ. ಎಷ್ಟು ಸಲವೋ ಗೊತ್ತಿಲ್ಲ. ಮಗು ಕೆಮ್ಮಿತು, ಸೀನಿತು, ಆಮೇಲೆ ಗೋಡೆ ಒಡೆಯುವ ಹಾಗೆ ಅತ್ತಿತು.

ಗಂಗವ್ವ ಮೊಮ್ಮಗನನ್ನು ಎತ್ತಿ ಮುಖಕ್ಕೆ ಒತ್ತಿಕೊಂಡವಳು ಹಾಗೆಯೇ ನಿಂತಳು. ಮಗುವಿನ ಮೂತಿಯನ್ನು ಮೂಸಿದಳು. ನನ್ನನ್ನು ನೋಡಿದಳು. ಬಾಗಿಲಲ್ಲಿ ಓಣಿಯ ಹೆಂಗಸರು ತುಂಬಿದ್ದರು. ಹುಸೇನಬಿಯೂ ಮೂಗು ಅರಳಿಸಿದಳು.

"ಕೂಸಿನ ಬಾಯಾಗ ಇದೇನ ವಾಸನಿ ಬೇ?"

"ಮದ್ದು," ಎಂದಳು ಗಂಗವ್ವ, ಎಲ್ಲರಿಗೂ ಕೇಳುವ ಹಾಗೆ. "ನರ್ಸವ್ವ ಮದ್ದ ಕುಡದು ಬಂದಿದ್ಲು. ಮದ್ದಿನ ಉಸರ ಕೊಟ್ಟು ಕೂಸನ ಎಬ್ಬಿಸ್ಯಾಳ."

ಆಗಲೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಮಗು ಬದುಕಿದ ಖುಷಿಗಿಂತ ಸಿಕ್ಕಿಬೀಳಲಿಲ್ಲ ಎಂಬ ನೆಮ್ಮದಿಯೇ ಆ ಗಳಿಗೆಯಲ್ಲಿ ನನಗೆ ದೊಡ್ಡದಾಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಹೆಂಡ ಎನ್ನುತ್ತಾರೆ ಎಂಬ ಗಾದೆ ನಿಮಗೂ ಗೊತ್ತು. ನನ್ನ ಪಾಲಿಗೆ ಅದು ತಿರುಗಿ ಬಂತು: ಹೆಂಡ ಕುಡಿದವಳಿಗೆ ಊರು ಮದ್ದು ಎಂದಿತು. ತಿಂಗಳೊಳಗೆ, ನನ್ನನ್ನು ಹತ್ತಿರ ಸೇರಿಸದಿದ್ದ ಮನೆಗಳಿಂದೆಲ್ಲ ಕರೆ ಬಂತು. ಹೊಸ್ತಿಲಲ್ಲೇ ತಡೆದು ಕೇಳುತ್ತಿದ್ದರು, "ಮದ್ದ ತಗೊಂಡ ಬಂದೀರಿಲ್ರಿ?" ವಾರಕ್ಕೊಂದು ಲೋಟದವಳು ನಾನು, ಕೆಲಸಕ್ಕೆ ಹೋಗುವಾಗ ಕುಡಿಯುವುದೆಂದರೆ ನನಗೇ ಹೇಸಿಗೆ. ಅದಕ್ಕೆ ಲವಂಗ ಅಗಿದುಕೊಂಡು ಹೋಗುತ್ತಿದ್ದೆ. ಅವರು ಮೂಸಿ ತೃಪ್ತರಾಗುತ್ತಿದ್ದರು. ಮುಂಚೆ ಕುಡಿದದ್ದನ್ನು ಮುಚ್ಚಿಡುತ್ತಿದ್ದೆ, ಈಗ ಕುಡಿಯದೆ ಇದ್ದದ್ದನ್ನು ಮುಚ್ಚಿಡತೊಡಗಿದೆ. ಎರಡನೆಯದೇ ಹೆಚ್ಚು ನಿದ್ದೆಗೆಡಿಸಿತು.

ಬೇಸಿಗೆಯಲ್ಲಿ ಹುನಗುಂದದ ಒಂದು ವಕೀಲರ ಮನೆಯಿಂದ ಗಾಡಿ ಬಂತು. ಎರಡು ದಿನದ ದಾರಿ. ಸೊಸೆಗೆ ಎರಡು ಮಕ್ಕಳು ಹುಟ್ಟಿ ಹೋಗಿದ್ದವು; ದಿನ ತುಂಬುವ ಮೊದಲೇ ನನ್ನನ್ನು ಕರೆಸಿ ಇಟ್ಟುಕೊಂಡರು. ಸೊಸೆಯ ಹೆಸರು ಕಾಶವ್ವ, ಹತ್ತೊಂಬತ್ತು ವರ್ಷ ಇದ್ದೀತು. ದಿನಾ ನನ್ನ ಕೈ ಹಿಡಿದುಕೊಂಡು, "ಮದ್ದೈತಿಲ್ರಿ?" ಎನ್ನುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ. ಧೈರ್ಯಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ.

ಬ್ಯಾನಿ ಒಂದು ಹಗಲು, ಒಂದು ಇರುಳು ಎಳೆಯಿತು. ಕರುಳ ಬಳ್ಳಿ ಕೊರಳಿಗೆ ಎರಡು ಸುತ್ತು. ನಾನು ಊದಿದೆ, ತುಟಿ ಬಾತುಕೊಳ್ಳುವ ತನಕ ಊದಿದೆ. ಆ ಮಗು ಅಳಲೇ ಇಲ್ಲ. ಅತ್ತೆ ಪಕ್ಕದಲ್ಲೇ ಬಗ್ಗಿ ನಿಂತಿದ್ದಳು. ನನ್ನ ಬಾಯಲ್ಲಿ ಲವಂಗವೂ ಇರಲಿಲ್ಲ.

"ವಾಸನಿ ಇಲ್ಲ," ಎಂದಳು. "ನಮ್ಮ ಮನಿಗೆ ಮದ್ದ ಕುಡೀಲಾರದ ಬಂದಾಳ."

ಮರುದಿನ ಬೆಳಗ್ಗೆ ಕಾಶವ್ವನಿಗೆ ಗಂಜಿ ಕುಡಿಸಲು ಹೋದೆ. ಬಟ್ಟಲು ತಳ್ಳಲಿಲ್ಲ, ಬೈಯಲಿಲ್ಲ. ಗೋಡೆ ನೋಡುತ್ತಲೇ ಕೇಳಿದಳು, "ಗಂಗವ್ವನ ಸೊಸಿ ಕೂಸಿಗೆ ಕೊಟ್ರಿ. ನನ್ನ ಕೂಸಿಗ್ಯಾಕ ಕೊಡಲಿಲ್ರಿ? ನಾ ಏನ ಪಾಪ ಮಾಡೇನಿ?"

ಸುಮ್ಮನಿದ್ದರೆ ನನ್ನ ಕೋಣೆ, ಕೆಲಸ, ನನ್ನನ್ನು ಹೊಸ್ತಿಲ ಒಳಗೆ ಬಿಟ್ಟುಕೊಂಡ ಆ ಎಲ್ಲ ಮನೆಗಳು ಉಳಿಯುತ್ತಿದ್ದವು. ಈ ಹುಡುಗಿ ಮಾತ್ರ ಜೀವನವಿಡೀ ತನ್ನ ಪಾಪ ಯಾವುದೆಂದು ಹುಡುಕುತ್ತಿರುತ್ತಿದ್ದಳು.

"ಅದು ಮದ್ದಲ್ಲ ಕಾಶವ್ವ," ಎಂದೆ. ಪುಸ್ತಕದ ಕನ್ನಡವೇ ಬಂತು. "ಅದು ಶೆರೆ. ನಾನು ವಾರಕ್ಕೊಮ್ಮೆ ಒಂದು ಲೋಟ ಕುಡಿಯುತ್ತೇನೆ. ಅವತ್ತು ಕುಡಿದು ಮುಗಿಸಿದ ಹೊತ್ತಿಗೆ ಕರೆ ಬಂತು. ಆ ಮಗು ಬದುಕಿದ್ದು ಬರಿಯ ಉಸಿರಿನಿಂದ. ಅದೇ ಉಸಿರನ್ನು ನಿನ್ನ ಮಗುವಿಗೂ ಕೊಟ್ಟೆ, ಇನ್ನೂ ಹೆಚ್ಚು ಹೊತ್ತು ಕೊಟ್ಟೆ. ನೀನು ಏನೂ ಮಾಡಿಲ್ಲ."

ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. "ಗಾಡಿ ಹೂಡ್ರಿ," ಎಂದು ಹೊರಗೆ ಕೂಗಿದಳು.

ಕಾಶವ್ವ ನನ್ನತ್ತ ತಿರುಗಿದಳು. "ಹಂಗಾದ್ರ ನನ್ನ ಕೂಸಿಗೆ ಯಾರೂ ಏನೂ ಕಡಿಮಿ ಮಾಡಲಿಲ್ಲ," ಎಂದಳು. ಆಗ ಅಳು ಬಂತು ಅವಳಿಗೆ. ಹೆತ್ತ ಮೇಲೆ ಮೊದಲ ಸಲ ಅತ್ತದ್ದು.

ವಕೀಲರ ಕೋರ್ಟು ಕೆಲಸದವರು ಟಾಂಗಾದಲ್ಲಿ ನನಗಿಂತ ಮೊದಲೇ ಬಾಗಲಕೋಟೆಗೆ ಸುದ್ದಿ ತಂದಿದ್ದರು. ಗಾಡಿ ನಿಂತಾಗ ಗಂಗವ್ವ ಕಟ್ಟೆಯ ಮೇಲೆ ಕೂತಿದ್ದಳು.

"ನಾಕ ಮಂದ್ಯಾಗ ನನ್ನ ಮಾತ ಸುಳ್ಳ ಮಾಡಿದಿ."

"ನಿಮಗೆ ಗೊತ್ತಿತ್ತೇ?"

"ಹದಿನೆಂಟು ವರ್ಷ ಆ ವಾಸನಿ ಮಗ್ಗಲಾಗ ಮಲಗೇನಿ. ಗೊತ್ತಾಗೂದಿಲ್ಲೇನ?"

"ಮತ್ತೆ ಯಾಕೆ ಮದ್ದು ಎಂದಿರಿ?"

"ಕೂಸ ಅಳಾಕತ್ತಿತ್ತು. ಅಷ್ಟ ಸಾಕಾಗಿತ್ತು ನನಗ." ಕಟ್ಟೆಯಿಂದ ಇಳಿದಳು. "ಕೋಣಿ ಬಿಡು ಅಂತ ನಾ ಅನ್ನಂಗಿಲ್ಲ. ಆದ್ರ ಇನ್ನ ಮ್ಯಾಲೆ ಕೂಸನ ಮುಟ್ಟಬ್ಯಾಡ."

ನನ್ನ ಪೆಟ್ಟಿಗೆಯನ್ನು ಒಳಗಿಟ್ಟುಕೊಟ್ಟವಳೂ ಅವಳೇ.

ಈಗ ಕರೆಯುವವರು ಕಡಿಮೆ. ಹೆರಿಗೆ ಕಠಿಣವಾದಾಗ ಹುಸೇನಬಿ ಮಾತ್ರ ಬಂದು ಎಳೆದುಕೊಂಡು ಹೋಗುತ್ತಾಳೆ. "ನಮ್ಮಾಗ ಅದು ಹರಾಮ್, ಹಲಾಲ್ ಹರಾಮ್ ಆಮ್ಯಾಲೆ ನೋಡೂಣು, ಮೊದಲ ಬಾ!" ರಜೆಯಲ್ಲಿ ಊರಿಗೆ ಬಂದಿದ್ದಾಗ ಅಪ್ಪ ಲೋಟ ಹಾಕಿದರು, ನಾನು ಎದ್ದು ಹೋಗಿ ಬಾಗಿಲಿನ ಅಗಳಿ ಹಾಕಿ ಬಂದೆ. ಮನೆಯವರೆಲ್ಲ ನಕ್ಕರು. ಅಮ್ಮ ನಗಲಿಲ್ಲ, ಇಲ್ಲೇ ಇದ್ದುಬಿಡು ಎಂದಳು. ಅಲ್ಲಿ ಕೂತಿದ್ದರೂ ನನ್ನ ಕಿವಿ ಬಾಗಲಕೋಟೆಯ ಅಂಗಳದಲ್ಲಿತ್ತು, ಯಾರಾದರೂ ಬಾಗಿಲು ಬಡಿಯುತ್ತಿದ್ದಾರೇನೋ ಎಂದು. ಎಂಟು ದಿನ ಮೊದಲೇ ಹೊರಟು ಬಂದೆ. ಅಮ್ಮನಿಗೆ ಇನ್ನೂ ಬೇಸರವಿದೆ. ಇಲ್ಲಿ ನಾನು ಬಂದೆನೆಂದು ಯಾರಿಗೂ ಸಂತೋಷವಾಗಲಿಲ್ಲ.

ನೀಲವ್ವನ ಮಗ ಈಗ ಅಂಬೆಗಾಲಿಕ್ಕುತ್ತಾನೆ. ಅಂಗಳ ದಾಟಿ ನನ್ನ ಹೊಸ್ತಿಲ ತನಕ ಬಂದು, ಅದನ್ನು ಹಿಡಿದು ಎದ್ದು ನಿಂತು, ಎರಡೂ ಕೈ ಚಾಚುತ್ತಾನೆ. ನಾನು ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತೇನೆ. ಅಂಗಳದಾಚೆ ಗಂಗವ್ವ ಮೊರದಲ್ಲಿ ಜೋಳ ಕೇರುತ್ತಾ ನೋಡುತ್ತಿರುತ್ತಾಳೆ. ಎದ್ದು ಬಂದು ಎತ್ತಿಕೊಳ್ಳುವುದಿಲ್ಲ, ಎತ್ತಿಕೋ ಎಂದು ನನಗೂ ಹೇಳುವುದಿಲ್ಲ. ಮಗು ಅಳತೊಡಗುತ್ತದೆ.