ಕೊನೆಯ ಬೆಂಚಿನ ವತ್ಸಲಾ ಮೇಡಂ

ಪಾಠ ಹೇಳುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಪಾಠ ಹೇಳಲು ಹೆದರುವವರನ್ನು ಆ ಹೆದರಿಕೆಯ ಸಮೇತ ಒಪ್ಪಿಕೊಂಡು ತರಗತಿಯಲ್ಲಿ ನಿಲ್ಲುವಂತೆ ಮಾಡುವವರು ಕಡಿಮೆ. ವಿಜಯನಗರದ ನಮ್ಮ ಪ್ರೌಢಶಾಲೆಯಲ್ಲಿ ಮೂವತ್ತಮೂರು ವರ್ಷ ಕನ್ನಡ ಬೋಧಿಸಿ, ಹೊಸದಾಗಿ ಸೇರಿದ ಪ್ರತಿಯೊಬ್ಬ ಶಿಕ್ಷಕರ ಮೊದಲ ವರ್ಷದ ಮಾರ್ಗದರ್ಶನವನ್ನೂ ಹೊತ್ತು, ಇದೇ ಮೇ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಶ್ರೀಮತಿ ವತ್ಸಲಾ ಅವರು ಅಂಥ ವಿರಳರಲ್ಲಿ ಒಬ್ಬರು. ಆ ಮಾರ್ಗದರ್ಶನದ ಹೊಣೆ ಜೂನ್‌ನಿಂದ ನನ್ನ ಹೆಗಲಿಗೆ ಬರುತ್ತಿದೆ. ಶಿಕ್ಷಕರ ಈ ಪತ್ರಿಕೆಗೆ ಅಭಿನಂದನೆ ಬರೆಯಲು ಕುಳಿತವನಿಗೆ ಸಂತೋಷಕ್ಕಿಂತ ದಿಗಿಲೇ ಹೆಚ್ಚಾಗಿರುವುದಕ್ಕೆ ಇದು ಕಾರಣವೆಂದು ಮೊದಲೇ ಹೇಳಿಬಿಡುತ್ತೇನೆ.

ನಾನು ಗದಗದ ಕಡೆಯವನು. ೨೦೧೪ರಲ್ಲಿ ಗಣಿತ ಶಿಕ್ಷಕನಾಗಿ ಇಲ್ಲಿಗೆ ಬಂದೆ. ನನ್ನ ಮಾತಿನ ಧಾಟಿಗೆ ಒಂಬತ್ತನೆಯ ತರಗತಿಯ ಮಕ್ಕಳು ಮೊದಲ ದಿನವೇ ನಕ್ಕರು. ಎರಡನೆಯ ದಿನದಿಂದ ನಾನು ಅವರ ಮುಖ ನೋಡುವುದನ್ನೇ ಬಿಟ್ಟೆ. ಪೀರಿಯಡ್ ಪೂರ್ತಿ ಬೋರ್ಡಿಗೆ ಮುಖಮಾಡಿ ಲೆಕ್ಕ ಬರೆಯುತ್ತಿದ್ದೆ. ತುಂಬಿದ ಬೋರ್ಡು ಕಂಡು ಮುಖ್ಯೋಪಾಧ್ಯಾಯರಾದ ಮುನಿರಾಮಯ್ಯನವರು ಬೆನ್ನು ತಟ್ಟಿದ್ದೂ ಉಂಟು. ನಾನು ಮಾತ್ರ ಚಂದ್ರಾ ಲೇಔಟಿನ ಬಾಡಿಗೆ ಕೋಣೆಯಿಂದ ಹೊರಡುವಾಗಲೇ ಇವತ್ತೇ ಕೊನೆ ಎಂದುಕೊಳ್ಳುತ್ತಿದ್ದೆ. ರಾಜೀನಾಮೆ ಪತ್ರ ಬರೆದು ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದೆ.

ಆಗಸ್ಟ್‌ನ ಒಂದು ದಿನ ಮೇಡಂ ಬಂದು ಕೊನೆಯ ಬೆಂಚಿನಲ್ಲಿ ಮಕ್ಕಳ ನಡುವೆ ಒತ್ತಿಕೊಂಡು ಕುಳಿತರು. ಸ್ವಲ್ಪ ಹೊತ್ತಿಗೆ ಎದ್ದು ನಿಂತು, “ಸಾರ್, ಮೈನಸ್ ಆ ಕಡೆ ಹೋದ್ರೆ ಪ್ಲಸ್ ಯಾಕಾಗುತ್ತೆ?” ಎಂದು ಕೇಳಿದರು. ಮಕ್ಕಳು ನಕ್ಕರು, ಈ ಸಲ ಅವರನ್ನು ನೋಡಿ. ನಾನು ತಿರುಗಲೇಬೇಕಾಯಿತು. ಅವರೊಬ್ಬರ ಮುಖವನ್ನೇ ನೋಡುತ್ತಾ ವಿವರಿಸಿದೆ, ಅರ್ಥವಾಗಲಿಲ್ಲ ಎಂದರು, ಮತ್ತೆ ವಿವರಿಸಿದೆ. ಎರಡು ವಾರ ಹೀಗೇ ದಡ್ಡ ವಿದ್ಯಾರ್ಥಿನಿಯಾಗಿ ಬಂದರು. ಅದೆಲ್ಲ ನಾಟಕವಲ್ಲವೇ ಎಂದು ಆಮೇಲೆ ಕೇಳಿದಾಗ, ಅರ್ಧ ನಿಜವಾಗಿಯೂ ಅರ್ಥವಾಗಿರಲಿಲ್ಲ ಎಂದು ನಕ್ಕರು. ಮೂರನೆಯ ವಾರ ಅವರು ಬರಲಿಲ್ಲ. ಅವರ ಪಕ್ಕ ಕೂರುತ್ತಿದ್ದ ಅಮೂಲ್ಯಾ ಎಂಬ ಹುಡುಗಿ ಎದ್ದು ಪ್ರಶ್ನೆ ಕೇಳಿದಳು, ನಾನು ಅವಳ ಮುಖ ನೋಡಿ ಉತ್ತರಿಸಿದೆ. ಆ ಸಂಜೆ ಪತ್ರ ಹರಿದುಹಾಕಿದೆ.

ಮುಂದೆ ಸುಮಾ ಟೀಚರ್ ಹೆರಿಗೆ ರಜೆ ಮುಗಿಸಿ ಬಂದು, ಮನೆಯಲ್ಲಿ ಬಿಟ್ಟುಬಂದ ಕೂಸನ್ನು ನೆನೆದು ದಿನಾ ಬೆಳಗ್ಗೆ ಅಳುತ್ತಿದ್ದಾಗ, ಅವರ ಮೊದಲ ಪೀರಿಯಡ್ಡನ್ನು ಒಂದು ತಿಂಗಳು ತಾವೇ ತೆಗೆದುಕೊಂಡು, ಆ ವಿಷಯವನ್ನು ಯಾರೊಂದಿಗೂ ಆಡದವರು ನಮ್ಮ ಮೇಡಂ. ಇದನ್ನೆಲ್ಲ ನಾನು ಎಲ್ಲಿಂದ ತರಲಿ?

ಕಳೆದ ಭಾನುವಾರ ಬಸವೇಶ್ವರನಗರದ ಅವರ ಮನೆಗೆ ಹೋಗಿ ಅದನ್ನೇ ಹೇಳಿಕೊಂಡೆ. “ಮೇಡಂ, ನನಗ ಭಾಳ ಅಂಜಿಕಿ ಆಗೇತ್ರಿ. ನನ್ನ ಒಂದು ಮಾತಿಗೆ ಹೊಸಬರು ಕೆಲಸಾನ ಬಿಟ್ಟು ಹೋದ್ರ ಏನ್ ಮಾಡ್ಲಿ?”

ಧೈರ್ಯ ಹೇಳುತ್ತಾರೆ ಎಂದುಕೊಂಡಿದ್ದೆ. ಹೇಳಲಿಲ್ಲ. ನನಗಿಂತ ಐದು ವರ್ಷ ಮೊದಲು ಬಂದಿದ್ದ ತರುಣ ಶಿಕ್ಷಕರೊಬ್ಬರ ವಿಷಯ ತೆಗೆದರು. ಅವರ ಪಾಠ ಕೇಳಿ, ಮೇಡಂ ಹನ್ನೊಂದು ತಪ್ಪುಗಳನ್ನು ದುಂಡಗಿನ ಅಕ್ಷರದಲ್ಲಿ ಪಟ್ಟಿಮಾಡಿ ಕೈಗೆ ಕೊಟ್ಟಿದ್ದರಂತೆ. ಮರುದಿನದಿಂದ ಆ ಶಿಕ್ಷಕರು ಶಾಲೆಗೆ ಬರಲಿಲ್ಲ. ಮೇಡಂ ವಿಳಾಸ ಹುಡುಕಿಕೊಂಡು ಕೆಂಗೇರಿಗೆ ಹೋದರೆ ಕೋಣೆ ಖಾಲಿಯಾಗಿತ್ತು.

“ಹನ್ನೊಂದೂ ಸರಿಯಾಗೇ ಇತ್ತು ಕಣಪ್ಪ. ಅದೇ ಸಂಕಟ,” ಎಂದರು. ಅಂದಿನಿಂದ ಅವರು ಯಾರ ತರಗತಿಗೂ ಪೆನ್ನು ಒಯ್ದಿಲ್ಲ. ನನ್ನ ಪಾಠದಲ್ಲಿ ಎದ್ದು ನಿಂತ ದಿನವೂ, ಇವನೂ ಹೊರಟುಹೋದರೆ ಎಂದು ಹೆದರಿದ್ದರಂತೆ.

ಮೇಡಂ ಅವರಿಗೆ ಆಯುರಾರೋಗ್ಯ ಕೂಡಿಬರಲಿ. ನಾನು ಎಡವಿದಾಗಲೆಲ್ಲ ಹೋಗಿ ಕೇಳಲು ಅವರು ಬಹುಕಾಲ ನಮಗೆ ಸಿಗುತ್ತಿರಲಿ. ಮುಂದಿನ ಮಾತುಗಳನ್ನು ಅವರಿಗೆ ತಿಳಿಸದೆ ಸೇರಿಸಿದ್ದೇನೆ, ಸಂಪಾದಕರು ದಯವಿಟ್ಟು ತೆಗೆಯಬಾರದು. ಆ ಪಟ್ಟಿಯನ್ನು ಪಡೆದ ಗುರುಬಂಧುವೇ, ನಿಮ್ಮ ಹೆಸರು ಬರೆಯುವುದು ಸಲ್ಲದು; ಓದಿದರೆ ನಿಮಗೇ ತಿಳಿಯುತ್ತದೆ. ಎಲ್ಲಿದ್ದರೂ ಮೇಡಂಗೆ ಒಮ್ಮೆ ಫೋನ್ ಮಾಡಿ. ಕೋಪವಿದ್ದರೆ ಬೈದುಬಿಡಿ. ನೀವು ಚೆನ್ನಾಗಿದ್ದೀರಾ ಎಂದು ಕೇಳಲು ಅವರು ಹದಿನಾರು ವರ್ಷಗಳಿಂದ ಕಾಯುತ್ತಿದ್ದಾರೆ.